ಬೈಕಿಗೆ ಕೀಲೆಣ್ಣೆ

"ಎತ್ತು ಸಾಕಿದಾಕಿ ನಾನು! ಹಂಡ್ಯಾ, ಮಾಸ್ಯಾ ಅಂತ ಆನಿಯಂಥಾ ಎರಡು ಎತ್ತು ಈ ಕೈಯಾಗ ಮೇದು ಬೆಳದುವು. ಎರಡು ಗಾಲಿ ಮ್ಯಾಲ ನಿಂತ ಒಂದು ಬೈಕು ಸಾಕೂದು ನನಗೇನು ಮಹಾ!"

ಮುಶಿಗೇರಿಯ ಕಳಕವ್ವ ಹೀಗೆ ಡಂಗುರ ಸಾರಿದ್ದು ಸೊಸೆ ರೇಷ್ಮಾ ಕರೆಂಟಿನ ಬೈಕು ತಂದು ಅಂಗಳದಲ್ಲಿ ನಿಲ್ಲಿಸಿದ ದಿನ. ರೇಷ್ಮಾ ಗಜೇಂದ್ರಗಡದ ಒಂದು ದವಾಖಾನೆಯಲ್ಲಿ ನರ್ಸು. ದಿನಾ ಬಸ್ಸಿಗೆ ಕಾಯುವ ಕರ್ಮ. ಬಸ್ಸು ಬಂದರೆ ಜಾಗವಿಲ್ಲ, ಜಾಗವಿರುವ ಬಸ್ಸು ನಿಲ್ಲುವುದಿಲ್ಲ. ಕಾದು ಕಾದು ರೋಸಿ, ತನ್ನ ದುಡಿಮೆಯಲ್ಲೇ ಈ ಬೈಕು ತಂದಿದ್ದಳು. ಸ್ಕೂಟರಲ್ಲ, ಗಂಡಸರು ಕಾಲು ಚೆಲ್ಲಿ ಕೂರುವಂಥ ಬೈಕು! ನೋಡಲು ಬಂದ ಓಣಿಯ ಹಿರಿಯರೊಬ್ಬರು ಅದಕ್ಕೆ ಕಿವಿ ಹಚ್ಚಿ, "ಚಾಲೂ ಐತೋ, ಸತ್ತೈತೋ?" ಎಂದು ಕೇಳಿದರು. ರೇಷ್ಮಾ ಹಿಡಿಕೆ ತಿರುವಿದಳು. ಬೈಕು ಸದ್ದಿಲ್ಲದೆ ಸರ್ರನೆ ಮುಂದೆ ಹೋಯಿತು. ಹಿರಿಯರು ಸರ್ರನೆ ಹಿಂದೆ ಹೋದರು!

ಈಗ ಬೈಕು ಕಟ್ಟುವುದೆಲ್ಲಿ? ಕಳಕವ್ವನೇ ಜಾಗ ತೋರಿಸಿದಳು. ದನದ ಕೋಣೆ. ಗಂಡ ಶಿವನಪ್ಪ ತೀರಿಕೊಂಡ ಮೇಲೆ ಮಗ ಹಾಲೇಶ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಹೊಲ ಮಾಡತೊಡಗಿದ್ದ. ಎತ್ತುಗಳು ಮಾರಿಹೋದವು. ಆದರೂ ಕಳಕವ್ವ ಮುಂಜಾನೆ ಎದ್ದು ಆ ಕೋಣೆ ಗುಡಿಸುವುದು ಬಿಟ್ಟಿರಲಿಲ್ಲ. ಸಗಣಿಯೇ ಇಲ್ಲದ ನೆಲ ಗುಡಿಸುವುದೆಂದರೆ ಎಂಥ ಬೇಸರದ ಕೆಲಸವೆಂಬುದು ಗುಡಿಸಿದವರಿಗೇ ಗೊತ್ತು. ಕಸಬರಿಗೆಗೆ ಏನೂ ಸಿಗುವುದಿಲ್ಲ, ಕಣ್ಣಿಗೆ ಎಲ್ಲ ಸಿಗುತ್ತದೆ. ಹಂಡ್ಯಾ ಮೈ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದ ಕಂಬ. ಮಾಸ್ಯಾ ನೆಕ್ಕಿ ನೆಕ್ಕಿ ತಗ್ಗು ಬೀಳಿಸಿದ ಗ್ವಾದಲಿಯ ಕಲ್ಲು.

ಕರೆಂಟಿನ ಪಾಯಿಂಟು ಆ ಗ್ವಾದಲಿಯ ಮೇಲೆಯೇ ಇತ್ತು. ಹೀಗಾಗಿ ಬೈಕು, ಎತ್ತುಗಳು ಮೇವು ತಿನ್ನುತ್ತಿದ್ದ ಜಾಗಕ್ಕೇ ಮುಖ ಮಾಡಿ ನಿಂತಿತು. ಕಳಕವ್ವನ ಕಣ್ಣು ಒದ್ದೆಯಾದವು. ಸೊಸೆಗೆ ಗೊತ್ತಾಗಬಾರದೆಂದು ಆಕೆ ಬೈಕಿಗೇ ಬೈದಳು: "ಸರಿ ಆ ಕಡೆ, ದಾರಿಗಡ್ಡ ನಿಂತೀ!"

ರೇಷ್ಮಾ ಅತ್ತೆಯ ಭಾಷೆಯಲ್ಲೇ ಪಾಠ ಹೇಳಿದಳು. "ನೋಡ್ರಿ ಅತ್ತೀ, ನಾ ಬಂದ ಕೂಡಲೇ ಈ ವೈರು ಇದರ ಬಾಯಾಗ ಇಡ್ರಿ. ಕೆಂಪು ದೀಪ ಹತ್ತಿದ್ರ ತಿನ್ನಾಕತ್ತೇತಿ ಅಂತ ತಿಳಕೋರಿ. ಹಸರು ಹತ್ತಿದ್ರ ಹೊಟ್ಟಿ ತುಂಬೇತಿ, ತಗದುಬಿಡ್ರಿ. ಇದರ ಬಾಯಿಗೆ ನೀರು ಮಾತ್ರ ತಾಗಬಾರದು."

"ನೀರು ಕುಡ್ಯಂಗಿಲ್ಲ?"

"ಇಲ್ರಿ."

"ಬ್ಯಾಸಗ್ಯಾಗೂ?"

"ಬ್ಯಾಸಗ್ಯಾಗೂ ಇಲ್ರಿ!"

"ಪಾಪ!" ಎಂದಳು ಕಳಕವ್ವ.

ಅಂದಿನಿಂದ ಬೈಕಿನ ಮೇವಿನ ಖಾತೆ ಕಳಕವ್ವನದಾಯಿತು. ಸಂಜೆ ಸೊಸೆ ಬರುವಷ್ಟರಲ್ಲಿ ಕೋಣೆ ಗುಡಿಸಿ ಕಾಯುವಳು. ವೈರು ಇಡುವಳು. ಹಸಿರು ದೀಪ ಹತ್ತುವವರೆಗೆ ಎದುರಿಗೇ ಕುಂತು ಅವರೆಕಾಯಿ ಬಿಡಿಸುವಳು. ತಿನ್ನುವ ಪ್ರಾಣಿಯನ್ನು ಒಂಟಿಯಾಗಿ ಬಿಡಬಾರದು ಎಂಬುದು ಆಕೆಯ ಶಾಸ್ತ್ರ. ಹಾಲೇಶ ನಗುತ್ತಿದ್ದ. "ಯವ್ವಾ, ಅದಕ್ಕ ದೃಷ್ಟಿ ತಗೀತಿಯೇನು?" ಕಳಕವ್ವ ಇನ್ನೊಂದು ಅವರೆಕಾಯಿ ಬಿಡಿಸಿದಳು. ಹಿಂದಿನ ದಿನವೇ ತೆಗೆದಿದ್ದಳು!

ಇಂಥ ಹೊತ್ತಿನಲ್ಲಿ ಚಿಕ್ಕನರಗುಂದದಿಂದ ಅವಳ ಅಣ್ಣ ಗ್ಯಾನಪ್ಪ ಬಂದ. ಮೊಮ್ಮಗಳು ಕವಿತಾಳ ಕುಬಸಕ್ಕೆ ಕರೆಯಲು ಬಂದವನು, ಮೊದಲು ಬಸುರಿಯ ಸುದ್ದಿ ಹೇಳಬೇಕೋ ಬೇಡವೋ? ಇಲ್ಲ! ನೇರ ದನದ ಕೋಣೆಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತ. ಗ್ಯಾನಪ್ಪನ ಮನೆಯಲ್ಲಿ ಇನ್ನೂ ಒಂದು ಜೋಡಿ ಎತ್ತುಗಳಿದ್ದವು. ಅದರ ಗತ್ತು ಅವನಿಗೆ.

"ಎತ್ತು ಇದ್ದ ಜಾಗಕ್ಕ ಇದೇನವ್ವಾ ತಂಗೀ? ಸಗಣಿ ಹಾಕಂಗಿಲ್ಲ. ಗೊಬ್ಬರ ಆಗಂಗಿಲ್ಲ. ಕರದ್ರ ಅಂಬಾ ಅನ್ನಂಗಿಲ್ಲ. ನಡದಾರ್ಯಾಗ ಮಲಗಿದ್ರ ಬಾಲ ತಿರುವಿ ಎಬ್ಬಸೂಣಂದ್ರ ಬಾಲಾನೂ ಇಲ್ಲ!"

ಕಳಕವ್ವನ ಮೈ ಉರಿಯಿತು. "ಅಣ್ಣಾ, ಕುಬಸದ ದಿನ ಇದರ ಮ್ಯಾಲ ಕುಂತು ಬರತೀನಿ. ನಿನ್ನ ಬಾಗಲದಾಗ ಇಳೀತೀನಿ. ಬಾಣ ಬಿಟ್ಟಂಗ ಬರತೈತಿ ನೋಡು! ಊರು ನೋಡ್ತೈತಿ, ನೀನೂ ನೋಡುವಂತಿ."

"ನೋಡೂಣಂತ," ಎಂದ ಗ್ಯಾನಪ್ಪ. ಅಣ್ಣನ 'ನೋಡೂಣಂತ'ದಲ್ಲಿ ಎಷ್ಟು ಮುಳ್ಳುಗಳಿರುತ್ತವೆ ಎಂಬುದು ತಂಗಿಯಾಗಿ ಹುಟ್ಟಿದವರಿಗೆ ಗೊತ್ತು!

ಮೇಲೆ ಕವಿತಾಳ ಫೋನು ಬೇರೆ. "ಅಜ್ಜೀ, ನಿನ್ನ ಕೈಯಾಗಿನ ಶೇಂಗಾ ಹೋಳಿಗಿ ತಿಂದ ಮ್ಯಾಲ ನಾ ಬ್ಯಾರೆದು ಮುಟ್ಟಾಕಿ. ಊಟಕ್ಕ ಕುಂದರೂದ್ರೊಳಗ ಬಾ." ಬಸುರಿಯ ಬಯಕೆ. ಅದನ್ನು ಮುಂದಕ್ಕೆ ಹಾಕುವ ಅಧಿಕಾರ ದೇವರಿಗೂ ಇಲ್ಲ.

ಕುಬಸದ ಹಿಂದಿನ ಸಂಜೆ. ಹೋಳಿಗೆ ಆದವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಗಡಿಗೆ ಮೊಸರು ಎಲ್ಲ ಬುಟ್ಟಿ ಸೇರಿದವು. ಕಳಕವ್ವ ಕೈ ತೊಳೆದು ಬೈಕಿನ ಮುಂದೆ ಬಂದಳು. ವೈರು ಇಡಲು ಹೋದರೆ ಧೂಳು ತುಂಬಿ ಬಿಗಿಯಾಗಿತ್ತು. ಕಿರ್ರ್ ಎಂದಿತು.

ಆ ಕಿರ್ರ್ ನೇರ ಎದೆಗೆ ಹೋಯಿತು. ಶಿವನಪ್ಪನ ಚಕ್ಕಡಿ! ತವರಿಗೆ ಹೊರಟರೆ ಆ ಪುಣ್ಯಾತ್ಮ ಚಿಕ್ಕನರಗುಂದದ ಸೀಮೆ ಬರುತ್ತಲೇ ಚಕ್ಕಡಿ ನಿಲ್ಲಿಸುತ್ತಿದ್ದ. ಕೆಳಗೆ ತೂಗಿಬಿಟ್ಟ ಬಿದಿರಿನ ಗೊಟ್ಟದಿಂದ ಕೀಲೆಣ್ಣೆ ತೆಗೆದು, ಕೋಳಿಪುಕ್ಕದಿಂದ ಅಚ್ಚಿಗೆ ಹಚ್ಚಿ, ಗಾಲಿ ತಿರುವಿ ಕಿವಿಗೊಟ್ಟು ಕೇಳುತ್ತಿದ್ದ. "ಅತ್ತಿ ಮನಿ ಮುಂದ ಚಕ್ಕಡಿ ಒದರಬಾರದು ಕಳಕಿ. ಮಗಳನ್ನ ಗೋಳಾಡಿಸ್ಕೋತ ತಂದಾನ ಅಂತಾರ." ಆಮೇಲೆ ಚಕ್ಕಡಿ ಮಾತಾಡುತ್ತಿರಲಿಲ್ಲ. ಎತ್ತಿನ ಕೊರಳ ಗೆಜ್ಜೆಯೊಂದೇ ಮಾತಾಡುತ್ತಿತ್ತು. ಓಣಿಯ ಹೆಂಗಸರು ರೊಟ್ಟಿ ಬಡಿಯುವುದು ಬಿಟ್ಟು ಬಾಗಿಲಿಗೆ ಬರುತ್ತಿದ್ದರು.

ಮುಗಿಯಿತು! ಕಳಕವ್ವ ಸೆರಗು ಕಟ್ಟಿದಳು. ಹುಲ್ಲು ಸುಟ್ಟಳು. ಕರಕನ್ನು ಅರೆದಳು, ಅರಿವೆಯಲ್ಲಿ ಸೋಸಿದಳು. ಔಡಲೆಣ್ಣೆ ಹಾಕಿ, ಬೆರಳಿಗೆ ಹತ್ತಿದರೆ ಜಾರಬೇಕು, ಜಾರಿದರೆ ಬೀಳಬಾರದು, ಅಂಥ ಹದಕ್ಕೆ ಕಲಸಿದಳು. ಕಾಡಿಗೆಗಿಂತ ಕರ್ರಗೆ, ಬೆಣ್ಣೆಗಿಂತ ಮೆತ್ತಗೆ! ಕೋಳಿಪುಕ್ಕ ಅದ್ದಿ ಬೈಕಿನ ಬಾಯಿಯ ಒಂದೊಂದು ತೂತಿಗೂ, ವೈರಿನ ಒಂದೊಂದು ಹಲ್ಲಿಗೂ ಸಾವಕಾಶವಾಗಿ ಹಚ್ಚಿದಳು. ಯಾವ ತೂತಿಗೂ ಅನ್ಯಾಯ ಮಾಡಲಿಲ್ಲ.

ವೈರು ಇಟ್ಟಳು. ಆಹಾ! ಬೆಣ್ಣೆಯಲ್ಲಿ ಕೂದಲು ಹೋದಂತೆ ಹೋಯಿತು. ಕೆಂಪು ದೀಪ ಹತ್ತಿತು. ಆದರೆ ಎಂದಿನಂತೆ ಸ್ಥಿರವಾಗಿ ಅಲ್ಲ, ಹತ್ತುವುದು, ಆರುವುದು, ಹತ್ತುವುದು, ಆರುವುದು.

ಕಳಕವ್ವ ಗಲ್ಲಕ್ಕೆ ಕೈಯಿಟ್ಟು ನೋಡಿದಳು. ದವಡೆ ಆಡಿಸಿದಂತೆಯೇ ಕಂಡಿತು. "ಮೆಲುಕು ಹಾಕಾಕತ್ತೈತಿ!" ಎಂದು ಮುಗುಳ್ನಕ್ಕಳು. ಮೆಲುಕು ಹಾಕುವ ಪ್ರಾಣಿಗೆ ಯಾವ ರೋಗವೂ ಇಲ್ಲ. ಅಂದು ಮಾತ್ರ ಆಕೆ ಎದುರಿಗೆ ಕೂರದೆ, ನಿಶ್ಚಿಂತೆಯಿಂದ ಹೋಗಿ ಮಲಗಿದಳು.

ಮುಂಜಾನೆ ಮುಸುಕಿನಲ್ಲೇ ಹೊರಟರು. ಸೊಸೆ ಮುಂದೆ, ಅತ್ತೆ ಹಿಂದೆ ಅಡ್ಡ ಕುಂತು, ಮಡಿಲಲ್ಲಿ ಬುಟ್ಟಿ, ಹೆಗಲಿಗೆ ಮೊಸರಿನ ಚೀಲ. ರೇಷ್ಮಾ ಬೈಕಿನ ಕನ್ನಡಿಯಂಥ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ಅತ್ತೀ, ಅರ್ಧಾನ ಐತಲ್ರೀ! ತಿಂದಿಲ್ಲೇನು?"

"ತಿಂದು ಮೆಲುಕೂ ಹಾಕೇತಿ. ನಡಿ ನೀ."

"ಕರೆಂಟು ಹೋಗಿರಬೇಕು," ಎಂದು ರೇಷ್ಮಾ ತಾನೇ ಸಮಾಧಾನ ಮಾಡಿಕೊಂಡಳು. "ಹೋಗ್ಲಿ, ರೋಣದಾಗ ಬಾಬುಸಾಬರ ಚಾದಂಗಡ್ಯಾಗ ಒಂದೀಟು ಹಚ್ಚೂಣು."

ಗುಡ್ಡದ ಮೇಲೆ ಗಾಳಿಯಂತ್ರಗಳು ಗರಗರ ತಿರುಗುತ್ತಿದ್ದವು. ಅಲ್ಲಿ ಯಾವ ಗಾಳಿ ಕರೆಂಟು ಹುಟ್ಟಿಸುತ್ತಿತ್ತೋ, ಅದೇ ಗಾಳಿ ಇಲ್ಲಿ ಎದುರಿಗೆ ಬೀಸಿ ಇವರ ಕರೆಂಟು ತಿನ್ನುತ್ತಿತ್ತು! ಕಳಕವ್ವನಿಗೆ ಅದರ ಪರಿವೆ ಇರಲಿಲ್ಲ. ಇಬ್ಬದಿಯ ಎರೆ ಹೊಲಗಳಲ್ಲಿ ಕಡಲೆ ಹೂ ಬಿಟ್ಟಿತ್ತು. ಜೋಳ ಎದೆಮಟ್ಟ ನಿಂತಿತ್ತು. ಚಕ್ಕಡಿಯಲ್ಲಿ ಹೋಗುವಾಗ ಒಂದೊಂದು ಹೊಲದವರಿಗೂ "ಹ್ಯಾಂಗ ಐತ್ರಿ ಪೀಕು?" ಎಂದು ಕೇಳಿ ಉತ್ತರವನ್ನೂ ಕೇಳಿಸಿಕೊಂಡು ಹೋಗಬಹುದಿತ್ತು. ಇಲ್ಲಿ "ಹ್ಯಾಂಗ" ಎನ್ನುವಷ್ಟರಲ್ಲಿ ಹೊಲವೇ ಹಿಂದೆ ಬೀಳುತ್ತಿತ್ತು. ಆದರೂ ಸದ್ದಿಲ್ಲದ ಸವಾರಿ. ಶಿವನಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದ.

ರೋಣದಲ್ಲಿ ಬಾಬುಸಾಬರು ಚಹದ ಜೊತೆಗೆ ಪ್ಲಗ್ಗನ್ನೂ ಕೊಟ್ಟರು. ದೀಪ ಮತ್ತೆ ಹತ್ತಿತು, ಆರಿತು, ಹತ್ತಿತು, ಆರಿತು. ರೇಷ್ಮಾ ಬಳೆ ಕೊಳ್ಳಲು ಹೋಗಿ ಬಂದು ನೋಡಿದರೆ ಪರದೆಯ ಅಂಕಿ ಕಾಲು ಕದಲಿಸಿಲ್ಲ!

"ಅಯ್ಯ, ಈ ದೀಪ ಯಾಕ ಕಣ್ಣು ಹೊಡ್ಯಾಕತ್ತೇತಿ?"

"ನಾ ಹೇಳಿದ್ನಲ್ಲ, ಮೆಲುಕು ಅದು. ನಿನ್ನಿ ಸಂಜಿಯಿಂದ ಹಂಗ ಐತಿ."

ರೇಷ್ಮಾ ವೈರು ಕಿತ್ತಳು. ನೋಡಿದಳು. ಮೂಸಿದಳು. ಬೆರಳು ಹಚ್ಚಿದಳು. ಬೆರಳು ಕರ್ರಗಾಯಿತು.

"ಅತ್ತೀ... ಇದೇನ್ರಿ ಕರೇದು?"

"ಕೀಲೆಣ್ಣಿ."

"ಕೀಲೆಣ್ಣಿ?"

"ಹುಲ್ಲು ಸುಟ್ಟು, ಔಡಲೆಣ್ಣಿ ಹಾಕಿ, ನಾನ ಮಾಡಿದ್ದು. ಅಂಗಡೀದಲ್ಲ, ಚೊಕ್ಕ ಐತಿ."

"ಕರೆಂಟಿನ ಬಾಯಿಗೆ ಕರಕು ತುಂಬೀರಿ? ಇದು ಚಕ್ಕಡಿ ಅಲ್ರೀ!"

"ಗಾಲಿ ಐತಿಲ್ಲ?"

"ಗಾಲಿ ಐತಿ! ಆದ್ರ ನೀವು ಹಚ್ಚಿದ್ದು ಗಾಲಿಗಲ್ಲ, ಬಾಯಿಗೆ! ಏನೂ ತಾಗಿಸಬ್ಯಾಡ್ರಿ ಅಂತ ಹೇಳಿದ್ನೋ ಇಲ್ಲೋ?"

"ನೀರು ತಾಗಬಾರದು ಅಂದಿ. ಎಣ್ಣಿ ನೀರೇನು?"

ಬಾಬುಸಾಬರ ಕೈಯ ಚಹದ ಕೆಟಲಿ ಅಲ್ಲಾಡಿತು. ಅವರು ಬೆನ್ನು ತಿರುಗಿಸಿಕೊಂಡು ನಗುತ್ತಿದ್ದರು. ರೇಷ್ಮಾ ಕರವಸ್ತ್ರದಿಂದ ತಿಕ್ಕಿದಳು. ಕೀಲೆಣ್ಣೆಯ ಗುಣ ಬಲ್ಲವರೇ ಬಲ್ಲರು, ಅದು ಒರೆಸಿದರೆ ಹೋಗುವುದಿಲ್ಲ, ಹರಡುತ್ತದೆ! ಕರವಸ್ತ್ರ ಕರ್ರಗಾಯಿತು, ಕೈ ಕರ್ರಗಾಯಿತು. ಸಿಟ್ಟಿಗೆ ಬೆವರಿ ಮೂಗಿನ ಕೆಳಗೆ ಒರೆಸಿಕೊಂಡಳು. ಸೊಗಸಾದ ಮೀಸೆ ಮೂಡಿತು. ಕಳಕವ್ವ ನೋಡಿದಳು. ಆದರೆ ಈ ಸಿಟ್ಟಿನಲ್ಲಿ ಮೀಸೆಯ ಸುದ್ದಿ ತೆಗೆಯುವ ಧೈರ್ಯವಾಗಲಿಲ್ಲ.

ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಸಣ್ಣ ದನಿಯಲ್ಲಿ ಹೇಳಿದಳು: "ನಿಮ್ಮ ಮಾವ ನನ್ನ ತವರಿಗೆ ಹೊಂಟಾಗೊಮ್ಮೆ ಹಚ್ಚತಿದ್ರು. ಅಲ್ಲಿ ಮಂದಿ ಮುಂದ ಒದರಬಾರದು ಅಂತ. ಇದೂ ಕಿರ್ರ್ ಅಂತು. ನನಗ... ಅವರು ಇದ್ದಿದ್ರ ಹಚ್ಚತಿದ್ರು ಅನಸ್ತು."

ರೇಷ್ಮಾ ಕರ್ರಗಾದ ಕರವಸ್ತ್ರವನ್ನು ಮಡಚಿ ಇಟ್ಟುಕೊಂಡಳು. "ಕುಂದರ್ರಿ," ಎಂದಳು. "ಸಾವಕಾಶ ಹೋದ್ರ ಮುಟ್ಟಬಹುದು. ಒಂದೀಟು ಭಾರ ಇಳಸ್ರಿ. ಆ ರೊಟ್ಟಿ, ಮೊಸರು ಇಲ್ಲೇ ಬಿಡ್ರಿ."

"ಬೇಕಾದ್ರ ನನ್ನ ಬಿಟ್ಟು ಹೋಗು. ಬುಟ್ಟಿ ಬಿಡೂದಿಲ್ಲ!"

ಬಿಡಲಿಲ್ಲ. ನರಗುಂದದ ದಾರಿ ಹಿಡಿದರು. ರೇಷ್ಮಾ ಹಿಡಿಕೆಯನ್ನು ಹೂ ಹಿಡಿದಂತೆ ಹಿಡಿದಳು. ಸೈಕಲ್ಲುಗಳು ಹಿಂದೆ ಹಾಕಿ ಹೋದವು. ಕುರಿಯ ಹಿಂಡೊಂದು ಜೊತೆಜೊತೆಗೇ ಬಂದು, ಬೇಸರವಾಗಿ ಹೊಲಕ್ಕೆ ಇಳಿಯಿತು. ಚಿಕ್ಕನರಗುಂದದ ಗುಡಿಯ ಶಿಖರ ಕಾಣುವ ಹೊತ್ತಿಗೆ ಪರದೆಯ ಮೇಲೊಂದು ಆಮೆಯ ಚಿತ್ರ ಹತ್ತಿತು.

"ಇದ್ಯಾಕ ಆಮಿ ಬಂತು?"

"ಕಡೀ ಉಸರು ಅಂತ ಅರ್ಥರೀ ಅತ್ತೀ."

ಆಮೆಯೂ ಆರಿತು. ಬೈಕು ನಿಂತಿತು. ಸದ್ದಿಲ್ಲದೆ ಹುಟ್ಟಿದ್ದು ಸದ್ದಿಲ್ಲದೆ ಹೋಯಿತು. ಅಂಬಾ ಎನ್ನಲಿಲ್ಲ. ತಿರುವಲು ಬಾಲವೂ ಇಲ್ಲ!

ಹೊತ್ತು ನೆತ್ತಿಗೆ ಬರುತ್ತಿತ್ತು. ಅಲ್ಲಿ ಕವಿತಾ ಹಸಿರು ಸೀರೆ ಉಟ್ಟು ಕಾಯುತ್ತಿರಬೇಕು. ರೇಷ್ಮಾ ಫೋನು ತೆಗೆದಳು. "ಮಾಮಾರಿಗೆ ಹೇಳೂಣ್ರಿ. ಎತ್ತು ಹೂಡ್ಕೊಂಡು ಬಂದು ಎಳಕೊಂಡು ಹೋಗ್ಲಿ."

"ಇವತ್ತು ಸೋಮವಾರ," ಎಂದಳು ಕಳಕವ್ವ.

ರೇಷ್ಮಾ ಫೋನು ಇಳಿಸಿದಳು. ಒಕ್ಕಲಿಗರ ಮನೆಯ ಸೊಸೆಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಸೋಮವಾರ ಬಸವಣ್ಣನ ವಾರ. ಆಕಾಶ ಕಳಚಿ ಬಿದ್ದರೂ ಅಂದು ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಶಿವನಪ್ಪ ಬಿತ್ತನೆಯ ಹದ ತಪ್ಪುತ್ತಿದ್ದರೂ ಇಟ್ಟವನಲ್ಲ. ಗ್ಯಾನಪ್ಪ ಸತ್ತರೂ ಇಡುವವನಲ್ಲ. ಕೇಳುವುದೂ ಪಾಪ. ಅದೂ ಅಣ್ಣನನ್ನು ಕೇಳುವುದು!

ಕಳಕವ್ವ ಒಂದು ಗಳಿಗೆ ಊರನ್ನು ನೋಡಿದಳು, ಒಂದು ಗಳಿಗೆ ಬುಟ್ಟಿಯನ್ನು ನೋಡಿದಳು. ಸೆರಗು ಸಿಂಬಿ ಸುತ್ತಿ ನೆತ್ತಿಗಿಟ್ಟಳು. ಅದರ ಮೇಲೆ ಬುಟ್ಟಿ. ಒಂದು ಕೈ ಬುಟ್ಟಿಗೆ, ಒಂದು ಕೈ ಬೈಕಿನ ಬೆನ್ನಿಗೆ.

"ನೀ ಕೊಂಬು ಹಿಡಿ. ನಾ ದೂಡ್ತೀನಿ."

"ಅತ್ತೀ, ನಿಮಗಾಗಂಗಿಲ್ಲ. ನೀವು ಬುಟ್ಟಿ ತಗೊಂಡು ಮುಂದ ಹೋಗ್ರಿ."

"ನಿನ್ನ ಗಾಡಿ ಕೆಡಿಸಿ, ನಿನ್ನ ನಡದಾರ್ಯಾಗ ಬಿಟ್ಟು ಹೋಗ್ಲೇನು? ಹಿಡಿ ಅಂದ್ರ ಹಿಡಿ!"

ಹೀಗೆ ಮೆರವಣಿಗೆ ಹೊರಟಿತು. ದೂಡುತ್ತ ದೂಡುತ್ತ ಕಳಕವ್ವನಿಗೆ ಏದುಸಿರು. ಆದರೂ ಬಾಯಿ ಸುಮ್ಮನಿರಲಿಲ್ಲ. ಇದೇ ಬೇವಿನ ಗಿಡ, ಇದರ ಕೆಳಗೇ ಚಕ್ಕಡಿ ನಿಲ್ಲುತ್ತಿತ್ತು. ಎಣ್ಣೆ ಹಚ್ಚಿದ ಮೇಲೆ ಶಿವನಪ್ಪ ಕೈಗೆ ಮಣ್ಣು ತಿಕ್ಕಿ ತೊಳೆದು, ರುಮಾಲು ಬಿಚ್ಚಿ ಹೊಸದಾಗಿ ಸುತ್ತುತ್ತಿದ್ದ. ಒಮ್ಮೆ ತೊಳೆಯಲು ಮರೆತು ರುಮಾಲು ಸುತ್ತಿ, ಕರೇ ಬೆರಳಚ್ಚಿನ ರುಮಾಲಿನಲ್ಲೇ ಅಳಿಯ ಮಾವನ ಕಾಲಿಗೆ ಬಿದ್ದಿದ್ದ!

"ನಕ್ರೇನ್ರಿ ಎಲ್ಲಾರೂ?" ಎಂದಳು ರೇಷ್ಮಾ, ಹಿಡಿಕೆಯ ಮೇಲೆ ಬಾಗಿ.

"ನಕ್ರು. ನಾ ಮಾತ್ರ ನಗಲಿಲ್ಲ. ಮನೀಗೆ ಬಂದು ಹೊಟ್ಟಿ ಹುಣ್ಣಾಗೂ ಹಂಗ ನಕ್ಕೆ," ಎಂದು ಕಳಕವ್ವ ಈಗಲೂ ನಕ್ಕಳು. ಸೊಸೆಯ ಮೀಸೆ ಕಂಡು ಇನ್ನಷ್ಟು ನಕ್ಕಳು. ರೇಷ್ಮಾಳಿಗೆ ಕಾರಣ ತಿಳಿಯಲಿಲ್ಲ. ಆದರೂ ನಗು ಬಂತು. ಇಬ್ಬರೂ ನಗುತ್ತಲೇ ಊರು ಹೊಕ್ಕರು.

ಹೌದು, ಊರು ನೋಡಿತು! ಓಣಿಯ ಹೆಂಗಸರು ರೊಟ್ಟಿ ಬಿಟ್ಟು ಬಾಗಿಲಿಗೆ ಬಂದರು. "ಅಯ್ಯ ರೇಷ್ಮವ್ವಾ, ಕುಬಸಕ್ಕ ಮೀಸಿ ಬಿಟ್ಕೊಂಡು ಬಂದಿಯಲ್ಲೇ!" ಎಂದು ಒಬ್ಬಳು ಕೂಗಿದಾಗಲೇ ರೇಷ್ಮಾಳಿಗೆ ಅತ್ತೆಯ ನಗುವಿನ ಮೂಲ ತಿಳಿದದ್ದು. ಕವಿತಾ ಮಣೆಯ ಮೇಲಿಂದ ಎದ್ದೇ ಬಂದಳು. ಹಿರಿಯರು "ಕುಂದರ, ಕುಂದರ" ಎನ್ನುತ್ತಿದ್ದಂತೆ ಬುಟ್ಟಿಗೆ ಕೈ ಹಾಕಿ ಒಂದು ಹೋಳಿಗೆ ತೆಗೆದು, ನಿಂತಲ್ಲೇ ಕಚ್ಚಿ ಕಣ್ಣು ಮುಚ್ಚಿದಳು. ಕಳಕವ್ವನ ಜೀವ ಆಗ ಕೆಳಗಿಳಿಯಿತು.

ಗ್ಯಾನಪ್ಪ ಮಾತ್ರ ಏನೂ ಅನ್ನಲಿಲ್ಲ. ಅದೇ ಭಯವಾದದ್ದು! ಅವನು ಸುಮ್ಮನೆ ಯಾರದೋ ಗಾಡಿಯಿಂದ ಅರ್ಧ ಲೋಟ ಪೆಟ್ರೋಲು ತರಿಸಿಕೊಟ್ಟ. ಪೆಟ್ರೋಲಿನ ಮುಖ ನೋಡಬಾರದೆಂದು ತಂದ ಬೈಕಿಗೆ ಬಾಯಿ ತೊಳೆಯಲು ಪೆಟ್ರೋಲೇ ಬೇಕಾಯಿತು! ರೇಷ್ಮಾ ಅರಿವೆ ಅದ್ದಿ ಅದ್ದಿ ಒರೆಸಿ, ಗಾಳಿಗೆ ಒಣಗಿಸಿ, ಗ್ಯಾನಪ್ಪನ ದನದ ಕೋಣೆಯ ಪಾಯಿಂಟಿಗೆ ವೈರು ಹಚ್ಚಿದಳು. ಕೆಂಪು ದೀಪ ಹತ್ತಿತು. ಆರಲಿಲ್ಲ. ಕಳಕವ್ವ ಅಲ್ಲೇ ಕಂಬಕ್ಕೆ ಒರಗಿ ಕುಸಿದಳು.

ಆಚೆ ಬದಿಗೆ ಒಂದು ಎತ್ತು, ಈಚೆ ಬದಿಗೆ ಒಂದು ಎತ್ತು, ನಡುವೆ ಬೈಕು. ಎತ್ತುಗಳು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿದ್ದವು. ಗ್ಯಾನಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಎತ್ತುಗಳನ್ನು ನೋಡಿದ. ಬೈಕು ನೋಡಿದ. ಬೆವರಲ್ಲಿ ತೊಯ್ದು ನೆಲಕ್ಕೆ ಕುಂತ ತಂಗಿಯನ್ನು ನೋಡಿದ. ಕಳಕವ್ವ ಮುಳ್ಳಿಗೆ ಮೈಯೊಡ್ಡಿ ತಲೆ ತಗ್ಗಿಸಿದಳು.

ಗ್ಯಾನಪ್ಪ ನಿಧಾನವಾಗಿ ಕೈಮುಗಿದ.

"ಏನರ ಅನ್ನವ್ವಾ ತಂಗೀ, ಖರೇ ಒಕ್ಕಲಗಿತ್ತಿ ಅಂದ್ರ ನೀನ! ನಾವು ಸೋಮವಾರ ಬರೇ ಎತ್ತಿಗೆ ಸೂಟಿ ಕೊಡ್ತೀವಿ. ನೀ ಬೈಕಿಗೂ ಸೂಟಿ ಕೊಟ್ಟು, ನೀನ ಹೆಗಲು ಕೊಟ್ಟು ಬಂದಿ!"